ಒಂದು ಸೀಟು, ಇಬ್ಬರು ಒಡೆಯರು

ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಹಳೇಬೀಡಿಗೋ ಬೇಲೂರಿಗೋ ಹೊರಡುವ ಬಸ್ಸು ಇನ್ನೂ ಸರಿಯಾಗಿ ನಿಂತಿರುವುದಿಲ್ಲ. ಅಷ್ಟರಲ್ಲೇ ಅದರ ಕಿಟಕಿಗಳ ಮೂಲಕ ಟವೆಲು, ಕರವಸ್ತ್ರ, ಕೈಚೀಲ, ಒಮ್ಮೊಮ್ಮೆ ಐದಾರು ವರ್ಷದ ಹುಡುಗನೊಬ್ಬನೂ ಒಳಗೆ ಹೋಗಿ ಸೀಟಿನ ಮೇಲೆ ಪ್ರತಿಷ್ಠಿತರಾಗುವುದುಂಟು. ಬಟ್ಟೆ ಹಾಕಿದವನದೇ ಸೀಟು ಎಂಬ ಈ ಕಾನೂನನ್ನು ಯಾವ ಶಾಸನಸಭೆಯೂ ರಚಿಸಿದ್ದಲ್ಲ. ಆದರೂ ಅದಕ್ಕಿರುವ ಮರ್ಯಾದೆ ಎಷ್ಟೋ ಸರ್ಕಾರಿ ಕಾನೂನುಗಳಿಗೂ ಇಲ್ಲ. ಒಂದೇ ಸೀಟಿನ ಮೇಲೆ ಎರಡು ಟವೆಲು ಬಿದ್ದಾಗ ಮಾತ್ರ ವಾದವಿವಾದ ಹುಟ್ಟುತ್ತದೆ. ಆಗ ಕಂಡಕ್ಟರು ಬಂದು, "ಸ್ವಲ್ಪ ಸರಕೊಳ್ಳಿ ಯಜಮಾನ್ರೇ, ಎಲ್ಲರೂ ಹೋಗಬೇಕಲ್ಲ" ಎಂದು ತೀರ್ಪು ಕೊಡುತ್ತಾನೆ. ಇಬ್ಬರ ಸೀಟಿನಲ್ಲಿ ಮೂವರು ಕೂರುತ್ತಾರೆ. ಉಳಿದವರು ನಿಲ್ಲುತ್ತಾರೆ. ಬಸ್ಸು ಹೊರಡುತ್ತದೆ.

ಈ ವ್ಯವಸ್ಥೆಯಲ್ಲಿ ಸುಖವಿಲ್ಲ, ನಿಜ. ಆದರೆ ಮೋಸವೂ ಇಲ್ಲ. ಕಂಡಕ್ಟರು ಹರಿದುಕೊಡುವ ಚೀಟಿ ಊರು ಮುಟ್ಟಿಸುವ ಭರವಸೆಯೇ ಹೊರತು ಕೂರಿಸುವ ಭರವಸೆಯಲ್ಲ. ಕೊಡದ ಮಾತನ್ನು ಮುರಿಯುವ ಪ್ರಶ್ನೆ ಎಲ್ಲಿಯದು?

ಅದೇ ಊರಿನ ರೈಲ್ವೆ ಜಂಕ್ಷನ್ನಿನಲ್ಲಿ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೋಗುವ ಹಾದಿಯೂ ಹಾಸನದ ಕಡೆಗೆ ಇಳಿಯುವ ಹಾದಿಯೂ ಕೂಡುವ ಈ ನಿಲ್ದಾಣದಲ್ಲಿ, ಮುಂಗಡ ಟಿಕೀಟು ತೆಗೆಸಿದವನು ಮೂರು ಬಗೆಯ ಭವಿಷ್ಯವನ್ನು ಕೈಯಲ್ಲಿ ಹಿಡಿದಿರುತ್ತಾನೆ. ಮೊದಲನೆಯದು ಖಚಿತವಾದ ಬರ್ತು. ಎರಡನೆಯದು ಆರ್.ಎ.ಸಿ.; ಅಂದರೆ ಪಕ್ಕದ ಕೆಳಬರ್ತಿನಲ್ಲಿ ಇನ್ನೊಬ್ಬನೊಡನೆ ಅರ್ಧ ಜಾಗ. ಮೂರನೆಯದು ವೆಯಿಟಿಂಗ್ ಲಿಸ್ಟು. ಅದರಲ್ಲಿ ಇಂತಿಷ್ಟನೆಯವನು ಎಂಬ ಸಂಖ್ಯೆ. ಈ ಸಂಖ್ಯೆ ದಿನದಿನಕ್ಕೂ ಇಳಿಯುವುದನ್ನು ಕಾಯುವ ಸಂಕಟ ಮನೆಮನೆಗೂ ಗೊತ್ತು. ಮದುವೆಗೆ ಹೊರಟವರು ದೇವರಿಗೆ ಹರಸಿಕೊಂಡು ಕಾದಿರುವುದೂ ಉಂಟು. ಆದರೆ ರೈಲ್ವೆಯವರು ಸಂದೇಹವನ್ನು ಮುಚ್ಚಿಡುವುದಿಲ್ಲ. "ನಿನಗೆ ಜಾಗ ಸಿಗಬಹುದು, ಸಿಗದೆಯೂ ಇರಬಹುದು" ಎಂದು ಟಿಕೀಟಿನ ಮೇಲೆಯೇ ಅಚ್ಚು ಹಾಕಿ ಕೊಡುತ್ತಾರೆ. ಮನೆಯಿಂದ ತೆಗೆಸಿದ ವೆಯಿಟಿಂಗ್ ಲಿಸ್ಟಿನ ಇ-ಟಿಕೀಟಿಗೆ ಕೊನೆಯವರೆಗೂ ಜಾಗ ಬಾರದಿದ್ದರೆ ಅದು ತಾನಾಗಿಯೇ ರದ್ದಾಗಿ ಹಣ ಹಿಂದಿರುಗುತ್ತದೆ.

ಇನ್ನು ಮೂರನೆಯ ವಾಹನ. ಬಸ್ಸಿಗಿಂತಲೂ ರೈಲಿಗಿಂತಲೂ ಶಿಸ್ತಿನದು. ಅಲ್ಲಿ ಟವೆಲಿನ ಕಾನೂನಿಲ್ಲ, ನಿಂತು ಹೋಗುವ ಮಾತಿಲ್ಲ, ವೆಯಿಟಿಂಗ್ ಲಿಸ್ಟಿನ ಗೊಂದಲವೂ ಸಾಮಾನ್ಯ ಪ್ರಯಾಣಿಕನ ಕಣ್ಣಿಗೆ ಬೀಳುವುದಿಲ್ಲ. ಟಿಕೀಟಿನ ಮೇಲೆ "ಕನ್‌ಫರ್ಮ್ಡ್" ಎಂದು ಅಚ್ಚಾಗಿರುತ್ತದೆ. ಆದರೂ ಕೆಲವೊಮ್ಮೆ ವಿಮಾನದಲ್ಲಿರುವ ಸೀಟುಗಳಿಗಿಂತ ಮಾರಿದ ಟಿಕೀಟುಗಳೇ ಹೆಚ್ಚಾಗಿರುತ್ತವೆ. ವೆಯಿಟಿಂಗ್ ಲಿಸ್ಟು ವಿಮಾನಕ್ಕೂ ಉಂಟು. ಆದರೆ ಅದರಲ್ಲಿ ತನ್ನ ಹೆಸರಿದೆ ಎಂಬುದು ಪ್ರಯಾಣಿಕನಿಗೆ ತಿಳಿಯುವುದು ಪೆಟ್ಟಿಗೆ ಎಳೆದುಕೊಂಡು ಕೌಂಟರಿನ ಮುಂದೆ ನಿಂತ ಮೇಲೆ.

ಹೀಗೇಕೆ ಮಾಡುತ್ತಾರೆ? ಇದರ ಲೆಕ್ಕ ಕಠಿಣವಾದುದಲ್ಲ. ಒಂದು ವಿಮಾನದಲ್ಲಿ 180 ಸೀಟುಗಳಿವೆ ಎನ್ನೋಣ. ಟಿಕೀಟು ಕೊಂಡ ನೂರು ಮಂದಿಯಲ್ಲಿ ಐದು ಮಂದಿ ಬಾರದೆ ಉಳಿಯುತ್ತಾರೆ ಎಂದು ಅನುಭವ ಹೇಳಿದರೆ, 180 ಟಿಕೀಟುಗಳನ್ನು ಮಾರಿದ ದಿನ ಹಾರುವವರು ಸುಮಾರು 171 ಮಂದಿ. ಒಂಬತ್ತು ಸೀಟು ಖಾಲಿ. ಅಂಗಡಿಯಲ್ಲಿ ಇಂದು ಮಾರದ ಸೀರೆಯನ್ನು ನಾಳೆ ಮಾರಬಹುದು; ಹಾರಿಹೋದ ವಿಮಾನದ ಖಾಲಿ ಸೀಟನ್ನು ಯಾರಿಗೂ ಮಾರುವಂತಿಲ್ಲ. ಅದು ಸಂತೆ ಮುಗಿದ ಮೇಲೆ ಉಳಿದ ಸೊಪ್ಪಿನಂತೆ. ಆದುದರಿಂದ ಸಂಸ್ಥೆಯವರು 186 ಟಿಕೀಟು ಮಾರುತ್ತಾರೆ. ಸರಾಸರಿ ಹಿಡಿದರೆ ಬರುವವರು 177ರ ಆಸುಪಾಸು. ಎಲ್ಲರಿಗೂ ಜಾಗವುಂಟು, ಸಂಸ್ಥೆಗೂ ಲಾಭವುಂಟು. ಆದರೆ ಸರಾಸರಿ ಎಂಬುದು ಪ್ರತಿದಿನವೂ ವಿಧೇಯನಾಗಿ ಬರುವ ಆಳಲ್ಲ. ಎಂದೋ ಒಂದು ದಿನ, ಹಬ್ಬದ ಹಿಂದುಮುಂದಿನಲ್ಲಿ, 183 ಮಂದಿ ಬಂದು ನಿಲ್ಲುತ್ತಾರೆ. ಆ ಮೂವರೇ ಈ ಲೆಕ್ಕದ ಶೇಷ.

ಈ ಪದ್ಧತಿಯನ್ನು ಬರೀ ದುರಾಸೆ ಎಂದು ತಳ್ಳಿಹಾಕುವುದು ಸುಲಭ, ನ್ಯಾಯವಲ್ಲ. ಖಾಲಿ ಸೀಟು ಕಡಿಮೆಯಾದಷ್ಟೂ ಟಿಕೀಟಿನ ದರ ಇಳಿಯಲು ಅವಕಾಶವುಂಟು. ದರ ಇಳಿದಷ್ಟೂ ಸಾಮಾನ್ಯ ಸಂಸಾರಗಳಿಗೆ ಆಕಾಶ ಹತ್ತಿರವಾಗುತ್ತದೆ. ಈ ಮಾತನ್ನು ಹಾಸನ ಜಿಲ್ಲೆಯವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಹೇಮಾವತಿ ಅಣೆಕಟ್ಟಿನಿಂದ ಗೊರೂರಿನ ಕಡೆಯ ಜಮೀನುಗಳು ಮುಳುಗಿದಾಗ, ಹಾಗೆ ಜಮೀನು ಕಳೆದುಕೊಂಡ ಒಂದು ಮನೆತನಕ್ಕೆ ಪರಿಹಾರವಾಗಿ ಭೂಮಿ ದೊರೆತದ್ದು ಅರಸೀಕೆರೆ ತಾಲ್ಲೂಕಿನ ಜಾವಗಲ್ ಬಳಿಯಲ್ಲಿ. ಹಳೇಬೀಡಿನಿಂದ ಹೆಚ್ಚು ದೂರವಿಲ್ಲದ ಆ ಬರಡು ನೆಲದಲ್ಲಿ ಸೈನ್ಯ ಬಿಟ್ಟುಬಂದ ಒಬ್ಬ ತರುಣ ಡೇರೆ ಹಾಕಿ ಬೇಸಾಯಕ್ಕೆ ಇಳಿದ. ಆತನೇ ಮುಂದೆ 2003ರಲ್ಲಿ ಏರ್ ಡೆಕ್ಕನ್ ಸಂಸ್ಥೆಯ ಅಗ್ಗದ ವಿಮಾನಗಳನ್ನು ಹಾರಿಸಿದ ಕ್ಯಾಪ್ಟನ್ ಜಿ. ಆರ್. ಗೋಪಿನಾಥ್. ಕೆಲವು ಸೀಟುಗಳನ್ನು ಒಂದು ರೂಪಾಯಿಗೂ ಮಾರಿ ದೇಶವನ್ನೇ ಬೆರಗುಗೊಳಿಸಿದ ಆ ಸಂಸ್ಥೆ ಕೆಲವೇ ವರ್ಷಗಳಲ್ಲಿ ಮತ್ತೊಂದರಲ್ಲಿ ಲೀನವಾಯಿತು. ಆದರೆ ವಿಮಾನವೆಂದರೆ ಸಾಹುಕಾರರ ಸೊತ್ತು ಎಂಬ ಭಾವನೆ ಮತ್ತೆ ತಲೆಯೆತ್ತಲಿಲ್ಲ. ತೆಂಗಿನ ತೋಟದ ಯಜಮಾನರು ಡೆಲ್ಲಿಯಲ್ಲಿರುವ ಮಗಳ ಮನೆಗೆ ಹಾರಿಹೋಗಿ ಬರುವುದು ಇಂದು ಸುದ್ದಿಯೇ ಅಲ್ಲ.

ಆದುದರಿಂದ ತಪ್ಪಿರುವುದು ಹೆಚ್ಚು ಟಿಕೀಟು ಮಾರುವುದರಲ್ಲಿ ಅಲ್ಲ. ತಪ್ಪು ಎರಡು ಕಡೆ ಅಡಗಿದೆ: ಮಾರುವಾಗ ಹೇಳದೆ ಇರುವುದರಲ್ಲಿ, ಮತ್ತು ಇಳಿಸುವಾಗ ಕೇಳದೆ ಇಳಿಸುವುದರಲ್ಲಿ.

ಹೇಳದೆ ಇರುವುದು ಎಂಥ ತಪ್ಪೆಂಬುದನ್ನು ಅಮೆರಿಕದಲ್ಲಿ ನ್ಯಾಯಾಲಯಕ್ಕೆ ಎಳೆದವರು ಗ್ರಾಹಕರ ಪರವಾಗಿ ಹೋರಾಡುತ್ತಿದ್ದ ರಾಲ್ಫ್ ನೇಡರ್. 1972ರ ಏಪ್ರಿಲಿನಲ್ಲಿ ವಾಷಿಂಗ್‌ಟನ್ನಿನಿಂದ ಹಾರ್ಟ್‌ಫರ್ಡಿಗೆ ಹೊರಟ ಅವರ ಕೈಯಲ್ಲಿ ಖಚಿತವಾದ ಟಿಕೀಟಿತ್ತು. ಅಲ್ಲೆಘೆನಿ ಸಂಸ್ಥೆಯ ವಿಮಾನದಲ್ಲಿ ಸೀಟಿರಲಿಲ್ಲ. ಹೆಚ್ಚು ಟಿಕೀಟು ಮಾರುವ ಪದ್ಧತಿ ಇದೆಯೆಂಬ ಸಂಗತಿಯನ್ನೇ ಪ್ರಯಾಣಿಕನಿಂದ ಮರೆಮಾಚಿದರೆ ಅದು ವಂಚನೆಯಲ್ಲವೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಯನ್ನು ನ್ಯಾಯಾಲಯದಲ್ಲಿ ಕೇಳುವ ಹಕ್ಕು ಅವರಿಗುಂಟೆಂದು 1976ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಿತು. ಅದಕ್ಕೂ ಮೊದಲೇ, 1968ರಲ್ಲಿ, ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞರು ಇನ್ನೊಂದು ಸರಳ ಉಪಾಯವನ್ನು ಸೂಚಿಸಿದ್ದರು. ಸೀಟು ಸಾಲದಾದಾಗ ಯಾರನ್ನೋ ಆರಿಸಿ ಹೊರಗೆ ನಿಲ್ಲಿಸುವ ಬದಲು, "ಎಷ್ಟು ಕೊಟ್ಟರೆ ತಡವಾಗಿ ಹೋಗಲು ಒಪ್ಪುತ್ತೀರಿ?" ಎಂದು ಪ್ರಯಾಣಿಕರನ್ನೇ ಕೇಳಿ. ಅವಸರವಿಲ್ಲದವನು ಹಣ ಪಡೆದು ಸಂತೋಷವಾಗಿ ಉಳಿಯುತ್ತಾನೆ, ಅವಸರವಿರುವವನು ಹಾರುತ್ತಾನೆ. ಆಗ ನಕ್ಕು ಬಿಟ್ಟ ಈ ಸಲಹೆಯ ತಿರುಳು ಹತ್ತು ವರ್ಷಗಳ ನಂತರ, 1978ರಲ್ಲಿ, ಅಮೆರಿಕದ ನಿಯಮವೇ ಆಯಿತು.

ಕೇಳುವುದಕ್ಕೂ ಒಂದು ಮನಸ್ಸು ಬೇಕು. ಅದು ಅರ್ಧಕ್ಕೆ ನಿಂತಾಗ ಏನಾಗುತ್ತದೆಂಬುದನ್ನು 2017ರ ಏಪ್ರಿಲ್ 9ರಂದು ಷಿಕಾಗೋ ವಿಮಾನ ನಿಲ್ದಾಣ ಲೋಕಕ್ಕೆಲ್ಲ ತೋರಿಸಿತು. ಯುನೈಟೆಡ್ ಸಂಸ್ಥೆಯ ಹೆಸರಿನಲ್ಲಿ ಲೂಯಿವಿಲ್ಲಿಗೆ ಹೊರಟಿದ್ದ ವಿಮಾನದಲ್ಲಿ ಜನರೆಲ್ಲ ಹತ್ತಿ ಕುಳಿತಾಗಿತ್ತು. ಅಷ್ಟರಲ್ಲಿ ಸಂಸ್ಥೆಯ ನಾಲ್ವರು ನೌಕರರು ಅದೇ ವಿಮಾನದಲ್ಲಿ ಹೋಗಬೇಕಾಗಿ ಬಂತು. ಸೀಟು ಬಿಡುವವರಿಗೆ ಮೊದಲು 400, ಆಮೇಲೆ 800 ಡಾಲರುಗಳ ಆಮಿಷ ತೋರಿಸಿದರು. ಯಾರೂ ಏಳಲಿಲ್ಲ. ಕೇಳುವುದನ್ನು ಅಲ್ಲಿಗೆ ನಿಲ್ಲಿಸಿ ನಾಲ್ವರನ್ನು ಆರಿಸಿದರು. ಮೂವರು ಇಳಿದರು. ನಾಲ್ಕನೆಯವರು 69 ವರ್ಷದ ವೈದ್ಯರು. ಮರುದಿನ ಬೆಳಗ್ಗೆ ತಮಗಾಗಿ ರೋಗಿಗಳು ಕಾದಿರುತ್ತಾರೆಂದು ಹೇಳಿ ಕುಳಿತೇ ಇದ್ದರು. ನಿಲ್ದಾಣದ ಕಾವಲು ಅಧಿಕಾರಿಗಳು ಬಂದು ಅವರನ್ನು ಸೀಟಿನಿಂದ ಕಿತ್ತು, ನಡುದಾರಿಯಲ್ಲಿ ಎಳೆದುಕೊಂಡು ಹೋದರು. ಮೂಗು ಮುರಿಯಿತು, ಎರಡು ಹಲ್ಲು ಹೋದವು. ಸುತ್ತಲಿನವರ ಮೊಬೈಲುಗಳು ಅದೆಲ್ಲವನ್ನೂ ನೋಡುತ್ತಿದ್ದವು.

ವಿಶೇಷವೆಂದರೆ, ಆ ದಿನ ಟಿಕೀಟು ಹೆಚ್ಚಾಗಿ ಮಾರಿರಲಿಲ್ಲವೆಂದು ಸಂಸ್ಥೆಯೇ ಆಮೇಲೆ ಒಪ್ಪಿಕೊಂಡಿತು. ತನ್ನ ನೌಕರರ ಅನುಕೂಲಕ್ಕಾಗಿ ಹಣ ಕೊಟ್ಟು ಕುಳಿತವರನ್ನು ಎಬ್ಬಿಸಿತ್ತು. ಆ ತಿಂಗಳು ಮುಗಿಯುವುದರೊಳಗೆ ವೈದ್ಯರೊಡನೆ ರಾಜಿಯಾಯಿತು; ಸೀಟು ಬಿಡುವವರಿಗೆ 10,000 ಡಾಲರುಗಳವರೆಗೂ ಕೊಡಲು ಸಂಸ್ಥೆ ಸಿದ್ಧವಾಯಿತು. ಹತ್ತಿ ಕುಳಿತವರನ್ನು ಹೀಗೆ ಎಬ್ಬಿಸಕೂಡದೆಂಬ ಮಾತು 2018ರಲ್ಲಿ ಅಮೆರಿಕದ ಶಾಸನದಲ್ಲಿಯೂ ಸೇರಿತು. 800 ಡಾಲರಿನಲ್ಲಿ ನಿಲ್ಲದೆ ಇನ್ನೂ ಎರಡು ಬಾರಿ ಕೇಳಿದ್ದರೆ ಮೂಗೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಇದು ದೂರದೇಶದ ಕತೆ ಎಂದು ನಿಟ್ಟುಸಿರು ಬಿಡುವಂತಿಲ್ಲ. ಖಚಿತವಾದ ಟಿಕೀಟಿದ್ದು ಹೊತ್ತಿಗೆ ಸರಿಯಾಗಿ ಬಂದವರನ್ನು ಹತ್ತಿಸಿಕೊಳ್ಳದೆ, ಕೊಡಬೇಕಾದ ಪರಿಹಾರವನ್ನೂ ಕೊಡುತ್ತಿಲ್ಲವೆಂಬ ದೂರುಗಳು ಹೆಚ್ಚಿದಾಗ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದವರು 2022ರಲ್ಲಿ ತಪಾಸಣೆಗೆ ಹೊರಟರು. ಬೆಂಗಳೂರು, ಹೈದರಾಬಾದು, ಡೆಲ್ಲಿ ನಿಲ್ದಾಣಗಳಲ್ಲಿ ಏರ್ ಇಂಡಿಯಾ ನಿಯಮ ಪಾಲಿಸದ ಪ್ರಕರಣಗಳು ಅವರಿಗೆ ಸಿಕ್ಕಿದವು. ಆ ವರ್ಷದ ಜೂನಿನಲ್ಲಿ ಸಂಸ್ಥೆಗೆ ಬಿದ್ದ ದಂಡ ರೂ. 10 ಲಕ್ಷ. ಮತ್ತೆ ಆರೇಳು ತಿಂಗಳಿಗೆ, 2023ರ ಜನವರಿ 9ರ ಬೆಳಗಿನ ಜಾವ, ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇನ್ನೂ ವಿಚಿತ್ರವಾದುದು ನಡೆಯಿತು. ಡೆಲ್ಲಿಗೆ ಹೊರಟ ಗೋ ಫಸ್ಟ್ ವಿಮಾನ, ಬೋರ್ಡಿಂಗ್ ಪಾಸು ಹಿಡಿದು ನಿಲ್ದಾಣದ ಬಸ್ಸಿನಲ್ಲಿ ಕುಳಿತಿದ್ದ 55 ಪ್ರಯಾಣಿಕರನ್ನು ಮರೆತು ಹಾರಿಹೋಯಿತು. ಅದಕ್ಕೂ ರೂ. 10 ಲಕ್ಷ ದಂಡವಾಯಿತು. ಆ ಸಂಸ್ಥೆಯೇ ಅದೇ ವರ್ಷದ ಮೇ ತಿಂಗಳಲ್ಲಿ ಹಾರಾಟ ನಿಲ್ಲಿಸಿತು. ಒಂದು ಕಡೆ ಹೆಚ್ಚು ಮಾರಿ ಬಿಟ್ಟದ್ದು, ಇನ್ನೊಂದು ಕಡೆ ಎಣಿಸದೆ ಬಿಟ್ಟದ್ದು. ನೆಲದ ಮೇಲೆ ಉಳಿದವನಿಗೆ ಎರಡೂ ಒಂದೇ.

ಉಳಿದವನ ಪಾಡು ಏನೆಂಬುದನ್ನು ತಿಳಿಯಲು ಬೇಲೂರಿನ ವೃದ್ಧ ದಂಪತಿಗಳನ್ನು ಊಹಿಸಿಕೊಳ್ಳಬಹುದು. ಮೊಮ್ಮಗುವಿನ ನಾಮಕರಣಕ್ಕೆಂದು ಡೆಲ್ಲಿಗೆ ಹೊರಟಿದ್ದಾರೆ. ಹಿಂದಿನ ಸಂಜೆಯೇ ಬಸ್ಸು ಹಿಡಿದು ಅರಸೀಕೆರೆಗೆ ಬಂದು, ಅಲ್ಲಿಂದ ರೈಲಿನಲ್ಲಿ ಬೆಂಗಳೂರು ಸೇರಿ, ನಂಟರ ಮನೆಯಲ್ಲಿ ಎರಡು ತಾಸು ಕಣ್ಣು ಮುಚ್ಚಿ, ಬೆಳಗಾಗುವ ಮೊದಲೇ ದೇವನಹಳ್ಳಿಯ ಹಾದಿ ಹಿಡಿದಿದ್ದಾರೆ. ಎಲ್ಲ ಸೇರಿ ಇನ್ನೂರು ಕಿಲೋಮೀಟರುಗಳಿಗೂ ಹೆಚ್ಚಿನ ಹಾದಿ. ಚೀಲದಲ್ಲಿ ಕೊಬ್ಬರಿ ಮಿಠಾಯಿ, ಮಗುವಿಗೆ ಬೆಳ್ಳಿಯ ಕಾಲ್ಗಡಗ.

"ಸಾರಿ ಸರ್, ವಿಮಾನ ಫುಲ್ ಆಗಿದೆ. ಸಾಯಂಕಾಲದ ವಿಮಾನಕ್ಕೆ ಹಾಕಿಕೊಡ್ತೀವಿ" ಎನ್ನುತ್ತಾಳೆ ಕೌಂಟರಿನ ಹುಡುಗಿ.

"ಟಿಕೀಟು ಇದೆಯಲ್ಲಮ್ಮ? ಎರಡು ತಿಂಗಳ ಹಿಂದೆಯೇ ದುಡ್ಡು ಕಟ್ಟಿದೀವಿ."

"ಹೌದು ಸರ್. ಆದರೆ ಸೀಟಿಲ್ಲ."

ಈ ಎರಡು ಮಾತುಗಳು ಒಂದೇ ಬಾಯಿಂದ ಹೇಗೆ ಬರಬಲ್ಲವೆಂದು ಯಜಮಾನರಿಗೆ ಅರ್ಥವಾಗುವುದಿಲ್ಲ. ನಾಮಕರಣ ಮಧ್ಯಾಹ್ನ ಹನ್ನೆರಡಕ್ಕೆ. ಯಜಮಾನತಿ, "ಹೋಗಲಿ ಬಿಡಿ, ಆ ಮಗೂನ ಯಾಕೆ ಬೈಯ್ತೀರಿ, ಅವಳೇನು ಮಾಡ್ತಾಳೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯೊಂದರಲ್ಲಿ ಕೂರುತ್ತಾರೆ. ಇಲ್ಲಿಗೆ ಸಂಸ್ಥೆಯ ಲೆಕ್ಕ ಸರಿಹೋಯಿತು.

ಆಕೆಯ ಮಾತು ದೊಡ್ಡ ಮನಸ್ಸಿನದು. ಆ ಹುಡುಗಿಯ ತಪ್ಪು ಅದರಲ್ಲಿಲ್ಲ ಎಂಬುದೂ ನಿಜ. ಆದರೆ ಈ ದೇಶದ ನಿಯಮ ಆ ದಂಪತಿಗಳಿಗೆ ಹೋಗಲಿ ಬಿಡಿ ಎನ್ನುವುದಕ್ಕಿಂತ ಹೆಚ್ಚಿನದನ್ನು ಕೊಟ್ಟಿದೆ. 2010ರಲ್ಲಿ ಹೊರಟು, 2016ರಲ್ಲಿ ತಿದ್ದುಪಡಿಯಾಗಿ ಪರಿಹಾರದ ಮೊತ್ತ ಏರಿದ ಮಹಾನಿರ್ದೇಶನಾಲಯದ ನಿಯಮಾವಳಿ ಹೇಳುವುದಿಷ್ಟು. ಸೀಟು ಸಾಲದಾದರೆ ಸಂಸ್ಥೆಯವರು ಮೊದಲು, ತಾವಾಗಿ ಸೀಟು ಬಿಟ್ಟುಕೊಡುವವರು ಯಾರಾದರೂ ಇದ್ದಾರೆಯೇ ಎಂದು ಕೇಳಬೇಕು. ಅಂಥವರಿಗೆ ಏನು ಕೊಡುವುದೆಂಬುದು ಅವರವರ ಒಪ್ಪಂದ. ಆಮೇಲೂ ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಬಿಟ್ಟರೆ, ಅವನ ಮೂಲ ಹೊರಡುವ ಹೊತ್ತಿನಿಂದ ಒಂದು ಗಂಟೆಯೊಳಗೆ ಹೊರಡುವ ಬೇರೆ ವಿಮಾನ ಕೊಡಬೇಕು. ಕೊಟ್ಟರೆ ಪರಿಹಾರವಿಲ್ಲ. ಒಂದು ಗಂಟೆ ಮೀರಿ, 24 ಗಂಟೆಗಳೊಳಗೆ ಹೊರಡುವ ವಿಮಾನ ಕೊಟ್ಟರೆ, ಒಂದು ಕಡೆಯ ಮೂಲದರ ಮತ್ತು ಇಂಧನ ಶುಲ್ಕ ಸೇರಿದ ಮೊತ್ತದ ಎರಡರಷ್ಟು, ರೂ. 10,000 ಮೀರದಂತೆ. 24 ಗಂಟೆಗಳಾಚೆಯ ವಿಮಾನವಾದರೆ ಅದೇ ಮೊತ್ತದ ನಾಲ್ಕರಷ್ಟು, ರೂ. 20,000 ಮೀರದಂತೆ. ಬೇರೆ ವಿಮಾನವೇ ಬೇಡವೆಂದರೆ, ಟಿಕೀಟಿನ ಪೂರ್ತಿ ಹಣವೂ ಅದರ ಮೇಲೆ ಇದೇ ನಾಲ್ಕರಷ್ಟು ಪರಿಹಾರವೂ, ಅದೇ ಮಿತಿಯೊಳಗೆ.

ಆ ದಂಪತಿಗಳ ಮೂಲದರ, ಇಂಧನ ಶುಲ್ಕ ಸೇರಿ ತಲೆಗೆ ರೂ. 4,500 ಎಂದು ಹಿಡಿದರೆ, ಸಾಯಂಕಾಲದ ವಿಮಾನಕ್ಕೆ ಒಪ್ಪಿದವರಿಗೆ ಒಬ್ಬೊಬ್ಬರಿಗೆ ರೂ. 9,000, ಇಬ್ಬರಿಗೆ ರೂ. 18,000. ಪ್ರಯಾಣ ಬೇಡವೆಂದು ಊರಿಗೆ ಹಿಂದಿರುಗಿದರೆ ಟಿಕೀಟಿನ ಹಣವಲ್ಲದೆ ಇಬ್ಬರಿಗೂ ಸೇರಿ ರೂ. 36,000. ಹೋಗಲಿ ಬಿಡಿ ಎಂಬ ಎರಡು ಮಾತಿನ ಬೆಲೆ ಇದು. ತಪ್ಪಿದ ನಾಮಕರಣದ ಬೆಲೆಯನ್ನು ಯಾವ ನಿಯಮಾವಳಿಯೂ ಕಟ್ಟಲಾರದು. ಆದರೆ ಕಟ್ಟಿರುವಷ್ಟನ್ನಾದರೂ ಕೇಳಿ ಪಡೆಯದಿದ್ದರೆ, ಮುಂದಿನ ಬಾರಿ ಇನ್ನೊಬ್ಬರನ್ನು ನೆಲದ ಮೇಲೆ ಬಿಡುವುದು ಸಂಸ್ಥೆಗೆ ಇನ್ನೂ ಅಗ್ಗವಾಗುತ್ತದೆ.

ಆ ದಂಪತಿಗಳ ಊರಿನ ಕಡೆಯ ಕಲ್ಲುಗಳು ಈ ವಿಷಯದಲ್ಲಿ ಇನ್ನೂ ಕಠೋರವಾಗಿದ್ದುವು. ಬೇಲೂರು, ಹಳೇಬೀಡುಗಳ ಗುಡಿಗಳು 2023ರಲ್ಲಿ ಸೋಮನಾಥಪುರದೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶವಿದೇಶಗಳಿಂದ ಜನ ಬಂದು ಅಲ್ಲಿನ ಶಿಲ್ಪಗಳನ್ನು ನೋಡುತ್ತಾರೆ. ಪಕ್ಕದಲ್ಲಿ ನಿಂತ ಶಾಸನಗಳನ್ನು ಓದುವವರು ಕಡಿಮೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ಇಂಥವರು ಇಂಥ ಗದ್ದೆಯನ್ನು, ಇಂಥ ತೆರಿಗೆಯನ್ನು ಬಿಟ್ಟುಕೊಟ್ಟರೆಂದು ಬರೆದು ಮುಗಿಸಿದ ಮೇಲೆ, ಕೊಟ್ಟದ್ದನ್ನು ಕಸಿದುಕೊಳ್ಳುವವನಿಗೆ ಶಾಪ ಹಾಕುವ ವಾಡಿಕೆಯುಂಟು. ತಾನೇ ಕೊಟ್ಟದ್ದಾದರೂ ಸರಿ, ಮತ್ತೊಬ್ಬರು ಕೊಟ್ಟದ್ದಾದರೂ ಸರಿ, ಕಿತ್ತುಕೊಂಡವನು ಹೊಲಸಿನ ಹುಳುವಾಗಿ ಸಾವಿರಾರು ವರ್ಷ ಬಾಳಬೇಕಾದೀತೆಂಬುದು ಅದರ ಸಾರ. ದಾನ ಕೊಟ್ಟವನು ಹಣ ಪಡೆದಿರಲಿಲ್ಲ. ಆದರೂ ಹಿಂದೆಗೆಯುವ ಅಧಿಕಾರ ಅವನಿಗಿರಲಿಲ್ಲ. ಹಣ ಪಡೆದು ಕೊಟ್ಟ ಸೀಟನ್ನು ಹಿಂದೆಗೆಯುವವರಿಗೆ ಆ ಕಾಲದ ಲೇಖಕ ಎಂಥ ಶಾಪವನ್ನು ಹುಡುಕುತ್ತಿದ್ದನೋ! ಇಂದಿನ ಶಾಪ ರೂ. 20,000 ಮೀರುವಂತಿಲ್ಲ. ಆದರೆ ಒಂದು ಅನುಕೂಲವುಂಟು: ಇದು ಮುಂದಿನ ಜನ್ಮದವರೆಗೆ ಕಾಯಿಸುವುದಿಲ್ಲ.

ಕಾಯಿಸದೆ ಇರಬೇಕಾದರೆ ಕೆಲವು ಎಚ್ಚರಗಳು ಬೇಕು. ನಿಯಮದ ಆಸರೆ ಇರುವುದು ಗೊತ್ತುಪಡಿಸಿದ ಹೊತ್ತಿನೊಳಗೆ ಬಂದವನಿಗೆ ಮಾತ್ರ. ತಡವಾಗಿ ಬಂದವನಿಗೂ, ಗುರುತಿನ ಕಾಗದವಿಲ್ಲದವನಿಗೂ ಅದು ಒದಗದು. ಕೊನೆಗೆ ಬಂದವನೇ ಮೊದಲು ಉಳಿಯುವ ಸಂಭವವೂ ಹೆಚ್ಚು. ದೂರದ ಊರಿನವರು ಮನೆಯಿಂದಲೇ ಮೊಬೈಲಿನಲ್ಲಿ ಚೆಕ್-ಇನ್ ಮಾಡಿ ಸೀಟಿನ ಸಂಖ್ಯೆ ಪಡೆದು ಹೊರಡುವುದು ಲೇಸು. ಕಿಟಕಿಯಿಂದ ಹಾಕಿದ ಟವೆಲಿಗಿಂತ ಅದರ ಬಲ ಹೆಚ್ಚು. ಸೀಟಿಲ್ಲವೆಂದಾಗ ಕೂಗಾಡಿ ಪ್ರಯೋಜನವಿಲ್ಲ. "ಸೀಟು ಬಿಡುವವರನ್ನು ಕೇಳಿದಿರಾ? ಹತ್ತಿಸಿಕೊಳ್ಳುವುದಿಲ್ಲವೆಂಬುದನ್ನು ಕಾರಣಸಹಿತ ಬರೆದುಕೊಡಿ. ನಿಯಮದಂತೆ ಪರಿಹಾರವೆಷ್ಟು?" ಎಂಬ ಮೂರು ಮಾತುಗಳನ್ನು ಶಾಂತವಾಗಿ ಆಡಿದರೆ ಸಾಕು. ಮುಂದಿನ ಪ್ರಯಾಣದ ಚೀಟಿಯನ್ನು ಹಣದ ಬದಲಿಗೆ ನೀಡಿದರೆ ಪೂರ್ತಿ ಓದದೆ ರುಜು ಹಾಕಬಾರದು.

ಅಷ್ಟಾದರೂ ಕೊಡದಿದ್ದರೆ ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಸಂಸ್ಥೆಯ ಕಚೇರಿ ಎಲ್ಲಿಯಾದರೂ ಇರಲಿ, ಬೇಲೂರಿನವನಿಗೂ ಅರಸೀಕೆರೆಯವನಿಗೂ ಹಾಸನದ ಜಿಲ್ಲಾ ಗ್ರಾಹಕ ಆಯೋಗದ ಬಾಗಿಲು ಸಾಕು. ಕೊಂಡದ್ದರ ಬೆಲೆ ರೂ. 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ.

ಕಂಡಕ್ಟರು ಬಸ್ಸಿನಲ್ಲಿ "ಎಲ್ಲರೂ ಹೋಗಬೇಕಲ್ಲ" ಎನ್ನುವಂತೆ ವಿಮಾನದಲ್ಲಿ ಯಾರೂ ಎನ್ನಲಾರರು. ಅಲ್ಲಿ ಸರಿದು ಕೂರಲು ಜಾಗವಿಲ್ಲ. ಯಾರೋ ಒಬ್ಬರು ಉಳಿಯಲೇಬೇಕಾದ ದಿನ ಬಂದೇ ಬರುತ್ತದೆ. ಅಂದು ಉಳಿಯುವವನು ಕೇಳಿಸಿಕೊಂಡು, ಒಪ್ಪಿ, ಬೆಲೆ ಪಡೆದು ಉಳಿಯಲಿ. ನಾಮಕರಣಕ್ಕೆ ಹೊರಟ ಅಜ್ಜಿ ಕಾಲ್ಗಡಗ ತೊಡಿಸುವ ಹೊತ್ತಿಗೆ ಅಲ್ಲಿರಲಿ.